ಮನಸ್ಸೆ ಎಂದರೆ ಮರೆಸುವವನು

ಅಮ್ಮ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಪ್ಪ ಕರೆಯುತ್ತಿದ್ದರು, ಶಾಲೆಯಲ್ಲಿ ಮಾಸ್ತರರು ಕರೆಯುತ್ತಿದ್ದರು, ಓಣಿಯ ಮಕ್ಕಳು ಆ ಹೆಸರನ್ನು ಎಳೆದು ಜಗ್ಗಿ ಕೂಗುತ್ತಿದ್ದರು. ಅಮ್ಮನಿಗೆ ಮಾತ್ರ ನಾನು ‘ಮಗ’. ಊಟಕ್ಕೆ ಬಾ ಮಗ, ಕೊಡಪಾನ ಇತ್ತ ತಾ ಮಗ. ಜ್ವರ ಬಂದಾಗಲೂ ಮಗ, ಪೆಟ್ಟು ಕೊಡುವಾಗಲೂ ಮಗ. ಮನೆಯಲ್ಲಿ ಇನ್ನೊಂದು ಹೆಸರು ಇಲ್ಲದಿದ್ದರೆ ಇದರಲ್ಲೊಂದು ಕೊರತೆ ಇದೆಯೆಂದು ನನಗೆ ತೋರುತ್ತಲೂ ಇರಲಿಲ್ಲ. ಆದರೆ ಇನ್ನೊಂದು ಹೆಸರು ಇತ್ತು. ರೂತು. ಅದನ್ನು ಅಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ರೂತು ನನ್ನ ಅಕ್ಕ. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ಐದು ತುಂಬುವುದರೊಳಗೆ, ಜ್ವರದಲ್ಲಿ ತೀರಿಕೊಂಡವಳು. ನಾನು ನೋಡದ ಆ ಹುಡುಗಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅಮ್ಮ ಹೋಗಿ ನಾಲ್ಕು ತಿಂಗಳಾಯಿತು. ಈಗ ಹೇಳಬಹುದು.

ನಮ್ಮದು ದರ್ಬೆಯ ಮುಖ್ಯರಸ್ತೆಯಿಂದ ಒಳಗೆ, ಓಣಿಯ ಕೊನೆಯಲ್ಲಿದ್ದ ಮುರಕಲ್ಲಿನ ಮನೆ. ಮುಖ್ಯರಸ್ತೆಗೆ ಕರೆಂಟಿನ ಕಂಬಗಳು ಬಂದಿದ್ದವು, ನಮ್ಮ ಓಣಿಗೆ ಬಂದಿರಲಿಲ್ಲ. ಎದುರಿಗೆ ಜಗಲಿ, ಜಗಲಿಗೆ ತಾಗಿ ಅಪ್ಪ ಮರದ ಕೆಲಸ ಮಾಡುವ ಇಳಿಮಾಡು, ಒಳಗೆ ಒಂದು ಕೋಣೆ, ಹಿಂದೆ ಅಡಿಗೆಮನೆ. ಕೋಣೆಯಿಂದ ಅಡಿಗೆಮನೆಗೆ ಹೋಗುವ ಬಾಗಿಲಿಗೆ ಅಪ್ಪನೇ ಮಾಡಿದ ಹಲಸಿನ ಮರದ ದಾರಂದ ಇತ್ತು. ಬಾಗಿಲು ಕೂರಿಸುವ ಚೌಕಟ್ಟಿಗೆ ನಮ್ಮ ಕಡೆ ಹಾಗೆ ಹೇಳುತ್ತೇವೆ. ಆ ದಾರಂದದ ಎಡಗಾಲಿನಲ್ಲಿ ನೆಲದಿಂದ ಮೇಲಕ್ಕೆ ನಾಲ್ಕು ಕಚ್ಚುಗಳಿದ್ದವು. ರೂತಿನ ಒಂದೊಂದು ಹುಟ್ಟುಹಬ್ಬಕ್ಕೂ ಅವಳನ್ನು ಬೆನ್ನು ತಾಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಅಮ್ಮ ಕತ್ತಿಯಿಂದ ಕೊರೆದ ಗುರುತು. ಅಡಿಗೆಮನೆಗೆ ಹೋಗುವಾಗ, ಬರುವಾಗ, ಕೈಯಲ್ಲಿ ಗಂಜಿಯ ಪಾತ್ರೆ ಇಲ್ಲದಿದ್ದರೆ, ಅಮ್ಮನ ಹೆಬ್ಬೆರಳು ಆ ಕಚ್ಚುಗಳ ಮೇಲೆ ಒಮ್ಮೆ ಹಾಯುತ್ತಿತ್ತು. ಮೇಲಿಂದ ಕೆಳಕ್ಕೆ ನಾಲ್ಕು. ಅವಳಿಗೇ ಗೊತ್ತಿರಲಿಲ್ಲವೇನೋ. ನನಗೆ ಗೊತ್ತಿತ್ತು. ನಾನು ಊಟದ ಮಣೆಯ ಮೇಲೆ ಕೂತು ಲೆಕ್ಕ ಹಿಡಿಯುತ್ತಿದ್ದೆ.

ಓಣಿಯಲ್ಲಿ ಅಮ್ಮನನ್ನು ಎಲ್ಲರೂ ‘ರೂತಿನ ಅಮ್ಮ’ ಎಂದೇ ಕರೆಯುತ್ತಿದ್ದರು. ಮೊದಲ ಮಗುವಿನ ಹೆಸರಿನಿಂದ ತಾಯಿಯನ್ನು ಕರೆಯುವುದು ನಮ್ಮಲ್ಲಿ ರೂಢಿ, ಮಗು ಹೋದರೂ ಆ ಹೆಸರು ಹೋಗಲಿಲ್ಲ. ಒಣಮೀನು ಮಾರುವವಳು ಬೇಲಿಯಿಂದಾಚೆ ‘ಓ ರೂತಿನ ಅಮ್ಮಾ, ನಂಗು ಮೀನು ಉಂಟು, ಬೇಕಾ?’ ಎಂದು ಕೂಗಿದರೆ ನಾನು ಜಗಲಿಯಲ್ಲೇ ನಿಂತಿರುತ್ತಿದ್ದೆ. ಆ ಮನೆಯಲ್ಲಿ ಉಸಿರಾಡುವ ಮಗು ನಾನೊಬ್ಬನೇ. ನನ್ನ ಮುಖ ನೋಡಿಯೇ ಅವರು ಆ ಹೆಸರನ್ನು ಕೂಗುತ್ತಿದ್ದರು. ರೂತು ಕುಚ್ಚಲಕ್ಕಿ ಗಂಜಿಯನ್ನು ಒಂದು ಅಗುಳು ಚೆಲ್ಲದೆ ಉಣ್ಣುತ್ತಿದ್ದಳಂತೆ. ನಾನು ಚೆಲ್ಲುತ್ತಿದ್ದೆ. ರೂತಿಗೆ ಮೂರು ವರ್ಷಕ್ಕೇ ಐದು ಕೀರ್ತನೆ ಬಾಯಿಪಾಠವಂತೆ. ನಾನು ಒಂದನ್ನು ಎರಡು ಚರಣದವರೆಗೆ ಹೇಳಿ ತಡವರಿಸುತ್ತಿದ್ದೆ. ಸತ್ತವರು ತಪ್ಪು ಮಾಡುವುದಿಲ್ಲ. ಅವಳ ಹಾಗೆ ನಾನೂ ಸುಮ್ಮನಿದ್ದುಬಿಟ್ಟರೆ ನನಗೂ ತಪ್ಪಿಲ್ಲವಾಗಬಹುದೆಂದು ಒಂದು ಇಡೀ ದಿನ ಮಾತಾಡದೆ ಕೂತಿದ್ದೆ. ಅಮ್ಮ ಹಣೆ ಮುಟ್ಟಿ ನೋಡಿ, ಕಷಾಯ ಕುಡಿಸಿದಳು.

ಸಂಜೆ ಲಾಟೀನು ಹಚ್ಚಿದ ಕೂಡಲೇ ಮನೆಯಲ್ಲಿ ಪ್ರಾರ್ಥನೆ. ಒಂದು ಹಾಡು, ಅಪ್ಪ ಓದುವ ಒಂದು ಅಧ್ಯಾಯ, ಕೊನೆಗೆ ಅಮ್ಮನ ಪ್ರಾರ್ಥನೆ. ಮನೆಯಲ್ಲಿ ತುಳು, ದೇವರ ಹತ್ತಿರ ಕನ್ನಡ. ತೀರಿಹೋದವರಿಗಾಗಿ ಬೇಡಿಕೊಳ್ಳುವ ಪದ್ಧತಿ ನಮ್ಮ ಇಗರ್ಜಿಯ ಸಭೆಯಲ್ಲಿಲ್ಲ. ಹೋದವರು ಹೋದಲ್ಲಿ ಸುಖವಾಗಿದ್ದಾರೆ, ಅವರಿಗೆ ನಮ್ಮ ಶಿಫಾರಸು ಬೇಡ ಎಂದು ಪಾದ್ರಿಗಳು ಅಮ್ಮನಿಗೆ ಒಮ್ಮೆ ಬುದ್ಧಿ ಹೇಳಿದ್ದರಂತೆ. ಅಮ್ಮ ಅದಕ್ಕೊಂದು ದಾರಿ ಕಂಡುಕೊಂಡಳು. ಬೇಡುವುದನ್ನು ಬಿಟ್ಟು ವಂದನೆ ಹೇಳತೊಡಗಿದಳು. ಪ್ರತಿ ಸಂಜೆಯೂ ಅವಳ ಮಾತು ಮುಗಿಯುತ್ತಿದ್ದುದು ಒಂದೇ ರೀತಿಯಲ್ಲಿ:

‘ರೂತನ್ನು ಕೊಟ್ಟದ್ದಕ್ಕಾಗಿ ಸ್ತೋತ್ರ. ಮಗನನ್ನು ಕಾಯಿ.’

ಅವಳಿಗೆ ಸ್ತೋತ್ರ, ನನಗೆ ಕಾವಲು. ಕಣ್ಣು ಮುಚ್ಚಿ ಕೂತು ನಾನು ಅದನ್ನು ತೂಗಿ ನೋಡುತ್ತಿದ್ದೆ. ಅವಳನ್ನು ಕೊಟ್ಟದ್ದಕ್ಕೆ ದೇವರಿಗೆ ದಿನವೂ ಉಪಕಾರ ಹೇಳುತ್ತಾಳೆ. ನನ್ನನ್ನು ಕೊಟ್ಟದ್ದಕ್ಕೆ ಒಂದು ದಿನವೂ ಹೇಳಲಿಲ್ಲ. ನನ್ನ ಹೆಸರನ್ನು ದೇವರ ಎದುರೂ ಹೇಳಲಿಲ್ಲ.

ನನ್ನ ಹೆಸರಿನ ಅರ್ಥ ನನಗೆ ಸಿಕ್ಕಿದ್ದು ಭಾನುವಾರದ ಶಾಲೆಯಲ್ಲಿ. ಯೋಸೇಫನ ಕತೆ ನಡೆಯುತ್ತಿತ್ತು. ಅಣ್ಣಂದಿರು ಅವನನ್ನು ಬಾವಿಗೆ ತಳ್ಳಿ, ಮಾರಿ, ಅವನು ಐಗುಪ್ತ ದೇಶಕ್ಕೆ ಹೋಗಿ, ಸೆರೆಮನೆ ಕಂಡು, ಕೊನೆಗೆ ರಾಜನ ಬಲಗೈಯಾಗಿ ಮದುವೆಯಾದ. ಮೊದಲ ಮಗ ಹುಟ್ಟಿದಾಗ, ನನ್ನ ಕಷ್ಟವನ್ನೂ ನನ್ನ ತಂದೆಯ ಮನೆಯನ್ನೂ ದೇವರು ಮರೆಸಿದ ಎಂದು ಹೇಳಿ ಮಗುವಿಗೆ ಮನಸ್ಸೆ ಎಂದು ಹೆಸರಿಟ್ಟ. ಇಬ್ರಿಯ ಭಾಷೆಯಲ್ಲಿ ಮರೆಸುವವನು ಎಂದು ಅರ್ಥ, ಎಂದರು ಟೀಚರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮುಂದಿನ ವಾರ ಇನ್ನೂ ಕೆಟ್ಟದ್ದು ಬಂತು. ಮುದುಕನಾದ ಅಜ್ಜ ಯಾಕೋಬ ಮೊಮ್ಮಕ್ಕಳನ್ನು ಹರಸುವಾಗ ಕೈಗಳನ್ನು ಅಡ್ಡಮಾಡಿ, ಕಿರಿಯ ಎಫ್ರಾಯೀಮನ ತಲೆಯ ಮೇಲೆ ಬಲಗೈ ಇಟ್ಟು, ಹಿರಿಯ ಮನಸ್ಸೆಗೆ ಎಡಗೈ ಇಟ್ಟನಂತೆ. ಅಂದಿನಿಂದ ಹುಡುಗರು ಆಟದ ನಡುವೆ ನನ್ನ ತಲೆಗೆ ಎಡಗೈಯಿಂದ ತಟ್ಟಿ ಓಡುತ್ತಿದ್ದರು.

‘ಎಡಗೈ ಮನಸ್ಸೆ! ಬಲಗೈ ಖಾಲಿ ಇಲ್ಲ ಮಾರಾಯ, ನಾಳೆ ಬಾ!’

ಎಡಗೈಯ ವಿಷಯ ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಮರೆಸುವವನು ಎಂಬ ಮಾತು. ಅಂದರೆ ಯಾರನ್ನು ಮರೆಸಲಿಕ್ಕೆ ನನ್ನನ್ನು ತಂದರೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಎಂಟು ವರ್ಷದಿಂದ ನನಗೊಂದು ಕೆಲಸ ಒಪ್ಪಿಸಿದ್ದಾರೆ, ನನಗೇ ಹೇಳಿಲ್ಲ, ನಾನದನ್ನು ಮಾಡಿಲ್ಲ. ಅಮ್ಮ ನನ್ನನ್ನು ಹೆಸರು ಹಿಡಿದು ಕರೆಯದಿರುವುದು ಅದಕ್ಕೇ ಇರಬೇಕು. ಕೆಲಸ ಮುಗಿಸಿದವನನ್ನಲ್ಲವೇ ಕರೆದು ಮಾತಾಡಿಸುವುದು?

ಗುಂಡ್ಯದ ಕಡೆಯಿಂದ ಅಪ್ಪನಿಗೆ ಮರ ತಂದುಕೊಡುತ್ತಿದ್ದವರು ಯೂಸುಫ್ ಬ್ಯಾರಿ. ಲಾರಿಯಿಂದ ಹಲಗೆ ಇಳಿಸಿದ ಮೇಲೆ ಜಗಲಿಯಲ್ಲಿ ಕೂತು ಬೆಲ್ಲದ ಚಾ ಕುಡಿದು ಹೋಗುವವರು. ನನ್ನ ಹೆಸರಿನ ಕತೆಯನ್ನು ಅವರಿಗೆ ಅಪ್ಪ ಹೇಳಿದ್ದರು. ಯೋಸೇಫನೆಂದರೆ ಅವರಲ್ಲಿ ಯೂಸುಫ್ ನಬಿ, ಅಂದರೆ ಪ್ರವಾದಿ, ಹಾಗಾಗಿ ನನ್ನನ್ನು ಕಂಡಾಗಲೆಲ್ಲ ಅವರದು ಒಂದೇ ತಮಾಷೆ.

‘ಮೇಸ್ತ್ರಿ, ಇವ ನಿಮ್ಮ ಮಗ ಅಲ್ಲ, ನನ್ನ ಮಗ. ನಿಮ್ಮ ಪುಸ್ತಕದಲ್ಲೇ ಉಂಟಲ್ಲ ಮಾರಾಯ್ರೆ.’

‘ಕರಕೊಂಡು ಹೋಗಿ. ಹೊಟ್ಟೆಗೆ ಎಷ್ಟು ಹೋಗ್ತದೆ ಅಂತ ನೋಡಿ ವಾಪಸು ತರ್ತೀರಿ.’

ಒಂದು ದಿನ ಯೂಸುಫ್ ಬ್ಯಾರಿ ನಗುತ್ತ ನಗುತ್ತ ಇನ್ನೊಂದು ಮಾತು ಹೇಳಿದರು.

‘ಆದ್ರೆ ಮೇಸ್ತ್ರಿ, ನನಗೊಂದು ಸಂಶಯ. ಬರಗಾಲದಲ್ಲಿ ಅಕ್ಕಿ ಕೇಳ್ಲಿಕ್ಕೆ ಅಣ್ಣಂದಿರು ಬಂದ್ರಲ್ಲ, ಅವರಿಗೆ ಯೂಸುಫ್ ನಬಿಯ ಗುರುತು ಸಿಗ್ಲಿಲ್ಲ. ನಬಿಗೆ ಅವರ ಗುರುತು ನೋಡಿದ ಕೂಡ್ಲೆ ಸಿಕ್ಕಿತು. ಮರೆತವನಿಗೆ ಗುರುತು ಸಿಗುದು ಹೇಗೆ?’

ಅಪ್ಪ ಕೀಸುಳಿ ಎತ್ತಿಕೊಂಡು ಹಲಗೆ ಕೀಸತೊಡಗಿದರು. ಅದು ಉತ್ತರ ಕೊಡಲು ಮನಸ್ಸಿಲ್ಲದಾಗ ಅವರು ಮಾಡುವ ಕೆಲಸ. ನಾನು ಆ ಮಾತನ್ನು ಕೇಳಿಯೂ ಕೇಳದವನಂತಿದ್ದೆ. ಆಗ ನನಗೆ ಬೇಕಾಗಿದ್ದುದು ಮರೆಸುವ ಉಪಾಯ.

ಅಪ್ಪ ಕಿಟಕಿ, ಮಂಚ, ಬೆಂಚು ಎಲ್ಲ ಮಾಡುತ್ತಿದ್ದರು. ಸಭೆಯಲ್ಲಿ ಯಾರು ತೀರಿಕೊಂಡರೂ ಪೆಟ್ಟಿಗೆ ಮಾಡುವವರೂ ಅವರೇ. ಆ ಮನೆಯಿಂದ ಒಬ್ಬರು ಬಾಳೆನಾರು ಹಿಡಿದುಕೊಂಡು ಬರುತ್ತಿದ್ದರು. ತೀರಿಹೋದವರ ನೆತ್ತಿಯಿಂದ ಹಿಮ್ಮಡಿಗೆ ಅಳೆದು ಎರಡು ತುದಿಗೆ ಗಂಟು ಹಾಕಿದ ನಾರು. ಅಪ್ಪ ಅದನ್ನು ಹಲಗೆಯ ಮೇಲೆ ಹಾಸಿ, ನಾಲ್ಕಂಗುಲ ಹೆಚ್ಚು ಬಿಟ್ಟು ಗೆರೆ ಎಳೆದು, ನಾರನ್ನು ಒಲೆಗೆ ಹಾಕುತ್ತಿದ್ದರು. ಹಲಗೆಯಲ್ಲಿ ಗಂಟೋ ಬಿರುಕೋ ಇದ್ದರೆ ಹಲಸಿನ ಮೇಣದಿಂದ ಮುಚ್ಚುವುದು. ಹಣ್ಣು ಕೊಯ್ದಾಗ ಕೋಲಿಗೆ ಸುತ್ತಿಟ್ಟ ಮೇಣವನ್ನು ಕೆಂಡದ ಮೇಲೆ ಕರಗಿಸಿ, ಅದೇ ಮರದ ನುಣ್ಣನೆಯ ಹುಡಿ ಕಲಸಿ, ಬಿಸಿ ಇರುವಾಗಲೇ ತುಂಬಿ ಒತ್ತಬೇಕು. ಆರಿದ ಮೇಲೆ ಕೀಸಿ, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿದರೆ, ಬಿರುಕು ಎಲ್ಲಿತ್ತೆಂದು ಮಾಡಿದವನಿಗೂ ಗೊತ್ತಾಗುವುದಿಲ್ಲ. ಅಪ್ಪನ ಕೈಕೆಲಸದಲ್ಲಿ ನಾನು ಮೊದಲು ಕಲಿತದ್ದು ಅದನ್ನು.

ಒಂಬತ್ತನೆಯ ಹುಟ್ಟುಹಬ್ಬದ ದಿನ ಅಮ್ಮ ಬೆಲ್ಲ ಹಾಕಿ ಕಾಯಿಸಿ ಅಕ್ಕಿಯ ಮಣ್ಣಿ ಮಾಡಿದ್ದಳು. ಬಾಳೆ ಎಲೆಯ ಮೇಲೆ ಆರಲು ಹೊಯ್ದಿದ್ದಳು. ನಾನು ದಾರಂದಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಂತೆ. ನಾಲ್ಕನೆಯ ಕಚ್ಚನ್ನು ನಾನು ದಾಟಿ ವರ್ಷಗಳೇ ಆಗಿದ್ದವು. ದಾಟಿದ ದಿನ ಯಾರಾದರೂ ಏನಾದರೂ ಹೇಳುತ್ತಾರೆಂದು ಸಂಜೆಯವರೆಗೆ ಬಾಗಿಲಲ್ಲೇ ಸುಳಿದಿದ್ದೆ. ಈಗ ಬಾಯಿಬಿಟ್ಟು ಕೇಳಿದೆ.

‘ಅಮ್ಮಾ, ನನ್ನದೂ ಒಂದು ಕಚ್ಚು ಹಾಕು.’

ಅಮ್ಮನ ಕೈಯಲ್ಲಿ ಕತ್ತಿ ಇತ್ತು. ಮಣ್ಣಿ ಕೊಯ್ಯುವ ಕತ್ತಿ. ಅವಳು ಅದನ್ನು ಎಲೆಯ ಮೇಲಿಟ್ಟಳು.

‘ಬೇಡ ಮಗ. ಅಳೆಯುದೆಲ್ಲ ಬೇಡ.’

‘ರೂತಿಗೆ ಹಾಕಿದ್ದಿ.’

‘ಹಾಕಿದ್ದೆ. ಸಾಕು ಮಗ. ಬಾ, ತಿನ್ನು.’

ಆ ‘ಸಾಕು’ ನನಗೆ ಕೇಳಿಸಿದ್ದು ಒಂದೇ ರೀತಿಯಲ್ಲಿ. ಅವಳದ್ದು ಇರುವಾಗ ನಿನ್ನದು ಯಾಕೆ?

ಕ್ರಿಸ್‌ಮಸ್ಸಿಗೆ ಹತ್ತು ದಿನ ಇರುವಾಗ ಮನೆಗೆ ಸುಣ್ಣ ಹೊಡೆದು, ಬಾಗಿಲು ಕಿಟಕಿಗಳಿಗೆ ಗೇರೆಣ್ಣೆ ಬಳಿಯುವುದು ಪ್ರತಿ ವರ್ಷದ ಕೆಲಸ. ಗೇರೆಣ್ಣೆ ಮೈಗೆ ತಾಗಿದರೆ ಸುಡುತ್ತದೆ, ಅದಕ್ಕೇ ಅಪ್ಪನೇ ಬಳಿಯುತ್ತಿದ್ದರು. ಅದು ಒಣಗಿದ ಮೇಲೆ ಅಮ್ಮ ತಲೆಯ ಪಿನ್ನು ತೆಗೆದು ನಾಲ್ಕು ಕಚ್ಚುಗಳಲ್ಲಿ ಇಳಿದ ಎಣ್ಣೆಯನ್ನು ಕೆರೆದು ತೆಗೆಯುತ್ತಿದ್ದಳು. ಆ ವರ್ಷ ಅಪ್ಪನಿಗೆ ಇಗರ್ಜಿಯ ಬೆಂಚುಗಳ ಕೆಲಸ ಇತ್ತು. ಒಳಬಾಗಿಲುಗಳನ್ನು ನನಗೆ ಬಿಟ್ಟರು. ಅಮ್ಮ ಬಟ್ಟೆ ಒಗೆಯಲು ತೋಡಿಗೆ ಹೋಗಿದ್ದಳು. ನಾನು ಕೆಂಡ ಮಾಡಿದೆ. ಮೇಣ ಕರಗಿಸಿದೆ. ಹಲಸಿನ ಹುಡಿಯನ್ನು ಬಟ್ಟೆಯಲ್ಲಿ ಸೋಸಿದೆ. ಮೇಲಿಂದ ಕೆಳಕ್ಕೆ ನಾಲ್ಕನ್ನೂ ತುಂಬಿ, ಬೆರಳು ಸುಡುತ್ತಿದ್ದರೂ ಒತ್ತಿ, ಆರಲು ಕಾದು, ಚಿಕ್ಕ ಉಳಿಯಿಂದ ಕೀಸಿ, ಗೇರೆಣ್ಣೆ ಬಳಿದೆ. ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ. ಅಪ್ಪ ಮಾಡಿದ್ದರೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಭಯವಾಗಲಿಲ್ಲ. ಪಾಠ ಒಪ್ಪಿಸಿದವನ ಹಾಗೆ ಮೈ ಹಗುರಾಯಿತು. ಇನ್ನು ಅಮ್ಮ ಮರೆಯುತ್ತಾಳೆ, ಮರೆತ ಮೇಲೆ ನನ್ನ ಕಡೆ ತಿರುಗುತ್ತಾಳೆ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಎರಡು ದಿನ ಎಣ್ಣೆ ಹಸಿ ಇತ್ತು, ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಸಂಜೆ ಪ್ರಾರ್ಥನೆಗೆ ಚಾಪೆ ಹಾಸಿದ ಮೇಲೆ ಅಮ್ಮ ಅಡಿಗೆಮನೆಯಿಂದ ಬಂದಳು. ಹೆಬ್ಬೆರಳು ದಾರಂದದ ಮೇಲೆ ಹಾಯಿತು. ನಿಂತಿತು. ಮತ್ತೆ ಮೇಲಿಂದ ಬಂತು. ಅವಳು ಲಾಟೀನು ಎತ್ತಿ ಹತ್ತಿರ ಹಿಡಿದಳು. ಬೆರಳಿನಿಂದ, ಅಂಗೈಯಿಂದ, ಆಮೇಲೆ ಕೆನ್ನೆಯಿಂದ ಆ ಮರವನ್ನು ಸವರಿ ನೋಡಿದಳು. ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆಗೇ ತಿರುಗಿದಳು.

‘ಮನಸ್ಸೆ!’

ಒಂಬತ್ತು ವರ್ಷ ನಾನು ಕಾದಿದ್ದ ಮಾತು ಅದು. ಅವಳ ಬಾಯಲ್ಲಿ ಅದು ಹೇಗೆ ಕೇಳಿಸುತ್ತದೆಂದು ಮಲಗಿಕೊಂಡು ಎಷ್ಟೋ ಸಲ ಊಹಿಸಿದ್ದೆ. ಹೀಗೆ ಎಂದು ಊಹಿಸಿರಲಿಲ್ಲ. ಅಮ್ಮ ಹೊಡೆಯಲಿಲ್ಲ. ಪಿನ್ನು ತೆಗೆದು ಕೆರೆದಳು. ಪಿನ್ನು ಬಾಗಿತು. ಮೇಣ ಕಲ್ಲಾಗಿತ್ತು. ಅಪ್ಪ ಎದ್ದು ಬಂದು ಲಾಟೀನಿನ ಬೆಳಕಲ್ಲಿ ನೋಡಿದರು. ಕೆಲಸ ಯಾರದೆಂದು ಅವರಿಗೆ ಕೇಳಬೇಕಾಗಿರಲಿಲ್ಲ.

‘ಹುಡುಗ, ಗೊತ್ತಿಲ್ಲದೆ ಮಾಡಿದ್ದು,’ ಎಂದರು.

‘ಗೊತ್ತಿದ್ದೇ ಮಾಡಿದ್ದು. ನೀವು ಇಟ್ಟ ಹೆಸರಿನ ಕೆಲಸ ಮಾಡಿದ. ಒಂಬತ್ತು ವರ್ಷ ನಾನು ಆ ಹೆಸರನ್ನು ಬಾಯಿಗೆ ತರ್ಲಿಲ್ಲ. ಇವತ್ತು ತಂದೆ, ಸಮಾಧಾನ ಆಯ್ತಾ?’

‘ಮೆಲ್ಲ ಹೇಳು ಇವಳೆ. ಓಣಿಗೆ ಕೇಳ್ತದೆ.’

‘ಕೇಳ್ಲಿ. ಹೆತ್ತು ಮೂರು ತಿಂಗಳು ನಾನು ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ. ನಿಮ್ಮ ತಂಗಿ ಇಗರ್ಜಿಗೆ ಎತ್ತಿಕೊಂಡು ಹೋಗಿ ದೀಕ್ಷಾಸ್ನಾನ ಮಾಡಿಸಿ ತಂದಳು. ಎಂತ ಹೆಸರು ಅಂತ ನನ್ನ ಹತ್ರ ಕೇಳಿದ್ರಾ? ಮಗುವನ್ನು ಮರೆ, ತಂದೆಯ ಮನೆಯನ್ನು ಮರೆ ಅಂತ ಒಂದು ಹೆಸರು ತಂದು ನನ್ನ ಮಡಿಲಲ್ಲಿ ಇಟ್ರಿ. ಕೋಡಿಂಬಾಳಕ್ಕೆ ಕರಕೊಂಡು ಹೋದವಳು ನಾನು ಅಂತ ದಿನಾ ಕರೆದು ಕರೆದು ಹೇಳ್ಲಿಕ್ಕಾ?’

ಕೋಡಿಂಬಾಳ ಅಮ್ಮನ ತವರು. ಅಲ್ಲಿಗೆ ಹೋಗಿದ್ದಾಗಲೇ ರೂತಿಗೆ ಜ್ವರ ಬಂದದ್ದು ಎಂಬುದು ನನಗೆ ಗೊತ್ತಾದದ್ದು ಆ ಸಂಜೆ. ಅಮ್ಮ ಆಮೇಲೆ ಒಮ್ಮೆಯೂ ತವರಿಗೆ ಹೋಗಲಿಲ್ಲ ಎಂಬುದು ನೆನಪಾದದ್ದೂ ಆಗಲೇ. ಮಾಮಂದಿರೇ ನಮ್ಮಲ್ಲಿಗೆ ಬರುತ್ತಿದ್ದರು.

‘ನಿನಗೆ ಹೇಳ್ಲಿಕ್ಕೆ ಇಟ್ಟದ್ದಲ್ಲ,’ ಎಂದರು ಅಪ್ಪ. ಅವರ ಸ್ವರ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ‘ನನಗೆ ಬೇಕಿತ್ತು. ಪೆಟ್ಟಿಗೆ ಮಾಡಿದವ ನಾನು.’

ಅವರು ಇಳಿಮಾಡಿಗೆ ಹೋಗಿ ಉಳಿ, ಕೊಡತಿ, ಮಡಚುವ ಅಳತೆಗೋಲು ತಂದರು. ನೆಲದಿಂದ ಕೋಲು ಹಿಡಿದು, ಒಂದು ಕ್ಷಣವೂ ಯೋಚಿಸದೆ, ಒಂದು ಕಡೆ ಉಗುರಿನಿಂದ ಗೆರೆ ಎಳೆದರು. ಎರಡು ಏಟಿಗೆ ಕಚ್ಚು ಬಿತ್ತು.

‘ಅಲ್ಲಿ ಅಲ್ಲ,’ ಎಂದಳು ಅಮ್ಮ. ‘ಇನ್ನೂ ಕೆಳಗೆ ಇತ್ತು. ಇದು ಮೇಲೆ ಆಯ್ತು.’

‘ನೀನು ಹಾಕಿದ್ದು ನಾಲ್ಕು ತುಂಬಿದಾಗಿಂದು. ಇದು ಹೋದ ದಿನದ್ದು. ಮೂರು ಅಡಿ ನಾಲ್ಕು ಅಂಗುಲ. ಅವಳಿಗೆ ಯಾರೂ ನಾರು ತಂದುಕೊಡ್ಲಿಲ್ಲ. ನಾನೇ ಅಳೆದದ್ದು.’

ಅಮ್ಮ ಲಾಟೀನನ್ನು ಕೆಳಗಿಟ್ಟಳು. ಹೆಬ್ಬೆರಳನ್ನು ಆ ಹೊಸ ಕಚ್ಚಿನಲ್ಲಿ ಇಟ್ಟಳು. ತನ್ನ ಕೊನೆಯ ಗುರುತಿಗಿಂತ ಮಗಳು ಒಂದಿಷ್ಟು ಬೆಳೆದಿದ್ದಳೆಂಬುದು ಅವಳಿಗೆ ಅಷ್ಟು ವರ್ಷ ಗೊತ್ತಿರಲಿಲ್ಲ. ಅಪ್ಪ ಅವಳ ಪಕ್ಕದಲ್ಲಿ ಉಳಿ ಹಿಡಿದೇ ನಿಂತಿದ್ದರು. ನಾನು ಚಾಪೆಯ ಮೇಲಿದ್ದೆ. ಇಬ್ಬರೂ ನನಗೆ ಬೆನ್ನು ಮಾಡಿದ್ದರು. ನಿಜ ಹೇಳಬೇಕೆಂದರೆ ಆಗ ನನಗೆ ಪಶ್ಚಾತ್ತಾಪವಾಗಲಿಲ್ಲ. ಮೊದಲು ಅಮ್ಮನೊಬ್ಬಳು ಅವಳ ಪಾಲಾಗಿದ್ದಳು, ಈಗ ಅಪ್ಪನೂ ಹೋದರು ಎಂದೇ ಅನಿಸಿತು. ಮರೆಸಲಿಕ್ಕೆ ನನ್ನನ್ನು ತಂದ ಅಪ್ಪನೇ ಅಂಗುಲ ಸಮೇತ ನೆನಪಿಟ್ಟುಕೊಂಡಿದ್ದರು. ಮರೆತವನಿಗೆ ಗುರುತು ಸಿಗುವುದು ಹೇಗೆ ಎಂಬ ಯೂಸುಫ್ ಬ್ಯಾರಿಯ ಮಾತು ನೆನಪಾಗಿ, ಯೋಸೇಫನೂ ಸುಳ್ಳು ಹೇಳಿದ್ದ ಎಂದು ಆ ದಿನ ನನಗೆ ಅರ್ಥವಾಯಿತು. ಮಗನನ್ನು ಊಟಕ್ಕೆ ಕರೆದಾಗಲೆಲ್ಲ ಅವನಿಗೆ ತಂದೆಯ ಮನೆ ನೆನಪಾಗಿಯೇ ಇರಬೇಕು.

ಆ ಸಂಜೆಯೂ ಪ್ರಾರ್ಥನೆ ನಡೆಯಿತು. ಅಮ್ಮನ ಸ್ವರ ಒಡೆದಿತ್ತು, ಮಾತು ಬದಲಾಗಿರಲಿಲ್ಲ. ರೂತನ್ನು ಕೊಟ್ಟದ್ದಕ್ಕಾಗಿ ಸ್ತೋತ್ರ. ಮಗನನ್ನು ಕಾಯಿ. ಪ್ರಾರ್ಥನೆ ಮುಗಿದ ಮೇಲೆ ಅವಳು ನನ್ನ ಸುಟ್ಟ ಬೆರಳುಗಳನ್ನು ನೋಡಿದಳು. ಗೇರೆಣ್ಣೆಗೂ ಮೇಣಕ್ಕೂ ತುದಿ ಬೊಬ್ಬೆ ಎದ್ದಿತ್ತು. ತೆಂಗಿನೆಣ್ಣೆ ಹಚ್ಚುತ್ತ, ‘ಉರೀತದಾ ಮಗ?’ ಎಂದು ಕೇಳಿದಳು. ನಾನು ಇಲ್ಲ ಎಂದೆ. ಹೆಸರು ಹಿಡಿದು ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಅಷ್ಟು ಹಟ ನನ್ನದು.

ಅವಳು ಆಮೇಲೆ ಆ ಹೆಸರನ್ನು ಎಂದೂ ಹೇಳಲಿಲ್ಲ. ನನ್ನ ಮದುವೆಯ ದಿನ ಇಗರ್ಜಿಯಲ್ಲಿ ಎಲ್ಲರ ಬಾಯಲ್ಲಿ ಅದು ಬಂದಾಗಲೂ ಅವಳು ಮಗ ಎಂದೇ ಹರಸಿದಳು. ಹೊಟ್ಟೆಕಿಚ್ಚು ನನ್ನ ಜೊತೆಯಲ್ಲೇ ದೊಡ್ಡದಾಯಿತು. ನನ್ನ ಮಕ್ಕಳು ಹುಟ್ಟಿದ ಮೇಲೂ ಓಣಿಯ ಹಳಬರು ಅವಳನ್ನು ರೂತಿನ ಅಮ್ಮ ಎಂದರೆ ನನ್ನೊಳಗೆ ಆ ಒಂಬತ್ತು ವರ್ಷದವನು ತಲೆ ಎತ್ತುತ್ತಿದ್ದ. ಅಳೆಯುವುದು ಬೇಡ ಎಂದು ಅವಳು ಕತ್ತಿ ಕೆಳಗಿಟ್ಟದ್ದು ಯಾಕೆಂದು ನನಗೆ ಹೊಳೆದದ್ದು ನನ್ನ ಮೊದಲ ಮಗಳಿಗೆ ನಾಲ್ಕು ತುಂಬಿದಾಗ. ಪೆನ್ಸಿಲು ಹಿಡಿದು ಗೋಡೆಯ ಹತ್ತಿರ ಹೋದವನು, ಇದೇ ಕೊನೆಯ ಗೆರೆಯಾದರೆ ಎಂದು ಹೆದರಿ ಹಿಂದೆ ಬಂದೆ. ಹೊಳೆದರೂ ಅಮ್ಮನಿಗೆ ಹೇಳಲಿಲ್ಲ. ಹೇಳಬೇಕಾಗಿತ್ತು.

ಅಮ್ಮನನ್ನು ಮಣ್ಣಿಗೆ ಕೊಟ್ಟದ್ದು ರೂತಿನ ಪಕ್ಕದಲ್ಲಿ. ಅವಳ ಇಷ್ಟ ಅದೇ ಆಗಿತ್ತು. ಅಪ್ಪ ಆಚೆ ಬದಿಯಲ್ಲಿದ್ದಾರೆ. ಮೂವರ ನಡುವೆ ನನಗೆ ಜಾಗ ಇಲ್ಲವೆಂದು ಅಲ್ಲಿ ನಿಂತೇ ನೋಡಿಕೊಂಡೆ. ಅಭ್ಯಾಸ. ಮನೆಗೆ ಬಂದು ಕೈಕಾಲು ತೊಳೆದು, ಸಂಜೆ ಎಲ್ಲರೂ ಚಾಪೆಯ ಮೇಲೆ ಕೂತೆವು. ಹೆಂಡತಿ, ಮಕ್ಕಳು, ಕೋಡಿಂಬಾಳದಿಂದ ಬಂದವರು. ಕೊನೆಯ ಪ್ರಾರ್ಥನೆ ಅಮ್ಮನದು. ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದರು. ನಾನೇ ಹೇಳಬೇಕಾಯಿತು. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಮುಗಿಸುವಾಗ, ‘ರೂತನ್ನು ಕೊಟ್ಟದ್ದಕ್ಕಾಗಿ ಸ್ತೋತ್ರ’ ಎಂದು ನನ್ನ ಬಾಯಿ ತಾನಾಗಿ ಹೇಳಿತು. ಆ ಹೆಸರನ್ನು ದೇವರ ಎದುರು ನಾನು ಹೇಳಿದ್ದು ಜೀವನದಲ್ಲೇ ಮೊದಲು. ಅವಳನ್ನು ನೋಡಿದವರು ಈಗ ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ. ಮೂರು ಅಡಿ ನಾಲ್ಕು ಅಂಗುಲ ಎಂದು ಗೊತ್ತಿರುವವನು ನಾನೊಬ್ಬನೇ.

ಆಮೇಲಿನ ಮಾತಿಗಾಗಿ ಎಲ್ಲರೂ ಕಾದರು. ನಾನೂ ಕಾದೆ. ನನ್ನ ಹೆಸರನ್ನು ಬ್ಯಾಂಕಿನವರು ಕರೆಯುತ್ತಾರೆ, ಆಸ್ಪತ್ರೆಯಲ್ಲಿ ಚೀಟಿ ನೋಡಿ ಕರೆಯುತ್ತಾರೆ. ಮಗ ಎಂದು ಕರೆಯುವವರು ಇನ್ನು ಯಾರೂ ಇಲ್ಲ. ‘ಮಗನನ್ನು ಕಾಯಿ’ ಎಂಬ ಮಾತನ್ನು ಆ ಚಾಪೆಯ ಮೇಲೆ ಕೂತ ಯಾರೂ ಹೇಳುವ ಹಾಗಿರಲಿಲ್ಲ. ಹೆಂಡತಿ ಮೆಲ್ಲಗೆ ಆಮೆನ್ ಎಂದಳು.